ಕೆಂಪು ದೀಪದಡಿ ಮೂರು ಬಟ್ಟಲು

ಜಾಮ್ ಕಾರ್ಖಾನೆಯ ರುಚಿ ಕೋಣೆಯಲ್ಲಿ ಅಂದು ತೀರ್ಮಾನ ಆಗಬೇಕಿದ್ದದ್ದು ಒಂದೇ: ಅಮ್ಮನ ಹಂಡೆ ಉಳಿಯಬೇಕೋ, ಅದರ ಜಾಗಕ್ಕೆ ಯಂತ್ರ ಬರಬೇಕೋ. ಇಪ್ಪತ್ತೆರಡು ವರ್ಷದಿಂದ ಅಮ್ಮ ಆ ಹಂಡೆಯ ಮುಂದೆ ನಿಂತವಳು. ಬಣ್ಣ ನೋಡಿ, ಗುಳ್ಳೆಯ ಸದ್ದು ಕೇಳಿ ಉರಿ ಇಳಿಸುವವಳು. ಮಗಳು ಏಳನೇ ಕ್ಲಾಸಿಗೇ ಶಾಲೆ ಬಿಟ್ಟು ಅಲ್ಲಿಗೇ ಸೇರಿದ್ದಳು. ಮಾತು ಕಡಿಮೆ, ಲೆಕ್ಕ ಚುರುಕು. ಹಾಗಾಗಿ ರುಚಿಯ ಹಾಳೆಗಳನ್ನು ಕೂಡಿಸುವ ಕೆಲಸ ಅವಳ ಪಾಲಿಗೆ ಬಂದಿತ್ತು.

ಹನ್ನೆರಡು ಜನ, ಮೂರು ಬಟ್ಟಲು: ಅಮ್ಮನದು, ಯಂತ್ರದ್ದು, ಅಂಗಡಿಯಿಂದ ತಂದದ್ದು. ಬಟ್ಟಲ ಮೇಲೆ ಬರೀ ನಂಬರು; ಯಾವುದು ಯಾರದೆಂದು ಕೂಡಿಸುವ ಮಗಳಿಗೆ ಮಾತ್ರ ಗೊತ್ತು. ಬಣ್ಣಕ್ಕೆ ಯಾರೂ ಮರುಳಾಗದಿರಲೆಂದು ಕೆಂಪು ದೀಪ. ತುಂಬ ಹಿಡಿಸಿದ್ದಕ್ಕೆ ಒಂದು, ಆಮೇಲಿನದಕ್ಕೆ ಎರಡು, ಕೊನೆಯದಕ್ಕೆ ಮೂರು. ಕೂಡಿಸಿದಾಗ ಕಡಿಮೆ ಬಂದದ್ದೇ ಮೇಲು. ಆದರೆ ಯಾವುದೇ ಎರಡು ಬಟ್ಟಲ ಮೊತ್ತದ ನಡುವೆ ಕನಿಷ್ಠ ಹತ್ತರ ಅಂತರ ಬೇಕು ಎನ್ನುತ್ತಿತ್ತು ಗೋಡೆಗೆ ಅಂಟಿಸಿದ್ದ ಕೋಷ್ಟಕ. ಇಲ್ಲದಿದ್ದರೆ ವ್ಯತ್ಯಾಸವೇ ಇಲ್ಲವೆಂದು ಲೆಕ್ಕ. ವ್ಯತ್ಯಾಸ ಇಲ್ಲವೆಂದರೆ ಯಂತ್ರ.

ಅಂದು ಒಬ್ಬರಿಗೆ ನೆಗಡಿ. "ಒಂದು ಕುರ್ಚಿ ಖಾಲಿ ಬಿಡೋದಾ? ನೀವೇ ಕೂತ್ಕೊಳ್ಳಿ ಅಕ್ಕ," ಎಂದು ಮೇಲ್ವಿಚಾರಕ ಅಮ್ಮನನ್ನೇ ಕೂರಿಸಿದ. ಮಾಡಿದವರು ರುಚಿ ನೋಡುವಂತಿಲ್ಲ ಎಂಬ ನಿಯಮ ಅವನಿಗೂ ಗೊತ್ತಿತ್ತು. "ನಂಬರ್ ತಾನೇ ಇರೋದು, ನಿಮಗೇನು ಗೊತ್ತಾಗುತ್ತೆ?"

"ಏನಪ್ಪಾ ಹಾಗಂದ್ರೆ? ನನ್ನ ಮಗೂನ ನಾನು ಕತ್ತಲಲ್ಲೂ ಗುರುತು ಹಿಡೀತೀನಿ," ಎಂದಳು ಅಮ್ಮ.

ಹನ್ನೊಂದು ಹಾಳೆ ಕೂಡಿಸಿದಾಗ ಅಮ್ಮನದು ಹದಿನೇಳು, ಯಂತ್ರದ್ದು ಇಪ್ಪತ್ತೇಳು. ಸರಿಯಾಗಿ ಹತ್ತು. ಉಳಿದದ್ದು ಅಮ್ಮನದೇ ಹಾಳೆ, ಇನ್ನು ಹಂಡೆ ಉಳಿದ ಹಾಗೇ ಅಂದುಕೊಂಡಳು ಮಗಳು. ಕೊನೆಯ ಹಾಳೆಯಲ್ಲಿ ಅಮ್ಮನ ಓರೆ ಅಂಕಿಗಳಿದ್ದವು. ಯಂತ್ರಕ್ಕೆ ಒಂದು. ತನ್ನದಕ್ಕೆ ಮೂರು.

ಇಪ್ಪತ್ತು. ಇಪ್ಪತ್ತೆಂಟು. ಅಂತರ ಎಂಟು.

ಕಳೆದ ತಿಂಗಳು ಬಂದ ಜ್ವರ ಬಿಟ್ಟ ಮೇಲೆ ಅಮ್ಮನ ಅಡುಗೆಯಲ್ಲಿ ದಿನವೂ ಉಪ್ಪು ಹೆಚ್ಚಾಗುತ್ತಿತ್ತು. ಮರೆವಿರಬೇಕು ಅಂದುಕೊಂಡಿದ್ದಳು. ಮರೆವಲ್ಲ, ಅಮ್ಮನ ನಾಲಿಗೆಗೆ ರುಚಿಯೇ ತಿಳಿಯುತ್ತಿರಲಿಲ್ಲ.

ಮಾಡಿದವರದು, ನಿಯಮದಂತೆ ಆ ಹಾಳೆ ಲೆಕ್ಕಕ್ಕೆ ಬರುವುದಿಲ್ಲ ಎಂದರೆ ಸಾಕು, ಹಂಡೆ ಉಳಿಯುತ್ತದೆ. ಹನ್ನೊಂದು ಜನರಿದ್ದರೂ ಕೋಷ್ಟಕ ಕೇಳುವುದು ಹತ್ತನ್ನೇ. ಆದರೆ ಯಾರ ಹಾಳೆ ಎಂದು ತೋರಿಸಬೇಕು. ತನ್ನ ಜಾಮಿಗೆ ತಾನೇ ಮೂರು ಹಾಕಿದವಳೆಂದು ಇಡೀ ಕಾರ್ಖಾನೆ ಆಡಿಕೊಳ್ಳುತ್ತದೆ.

"ಎಷ್ಟಮ್ಮಾ ಬಂತು?" ಮೇಲ್ವಿಚಾರಕ ಬಂದು ನಿಂತ. ಅವನ ಹಿಂದೆಯೇ ಬಾಗಿಲಲ್ಲಿ ಅಮ್ಮ, ಸೆರಗಿಗೆ ಕೈ ಒರೆಸುತ್ತಾ.

"ಸಾರ್, ಒಂದು ಹಾಳೆ..."

"ಯಾರದು?"

ಅಮ್ಮ ಒರೆಸುತ್ತಿದ್ದ ಕೈ ನಿಲ್ಲಿಸಿದಳು.

"ಏನಿಲ್ಲ ಸಾರ್. ಎಂಟು ಬಂತು."

"ಹಾಗಾದ್ರೆ ವ್ಯತ್ಯಾಸ ಇಲ್ಲ ಅಂತ ಬರಿ."

ಬರೆದಳು.

ಸಂಜೆ, ಮನೆಯ ದಾರಿ. "ನಂದಕ್ಕೆ ನಾನು ಒಂದೇ ತಾನೇ ಹಾಕಿದ್ದು?" ಎಂದಳು ಅಮ್ಮ.

"ಹೂಂ ಅಮ್ಮ. ಒಂದೇ."

"ಸುಳ್ಳು ಹೇಳೋಕೂ ಬರಲ್ವಲ್ಲೇ ನಿಂಗೆ." ಅಮ್ಮ ಅವಳ ಮುಂಗೈ ಹಿಡಿದುಕೊಂಡಳು. "ಆ ದೀಪದಲ್ಲಿ ಮೂರೂ ಒಂದೇ ಥರ ಕಾಣ್ತಿತ್ತು ಕಣೇ. ಬಾಯಲ್ಲಿಟ್ರೆ ಯಾವುದಕ್ಕೂ ರುಚಿನೇ ಇಲ್ಲ, ಬರೀ ನೀರು."

ಊಟಕ್ಕೆ ಕೂತಾಗ ಪಲ್ಯ ಉಪ್ಪುಪ್ಪಾಗಿತ್ತು. "ಹೇಗಿದೆ?" ಅಮ್ಮ ಕೇಳಿದಳು.

ಮಗಳು ತಟ್ಟೆಯಿಂದ ಕಣ್ಣೆತ್ತದೆ ಇನ್ನೊಂದು ಸೌಟು ಹಾಕಿಸಿಕೊಂಡಳು.