ಹಿಂದಕ್ಕೆ ಇಟ್ಟ ಹೆಜ್ಜೆ

ಹೊಳಿಯಮ್ಮನ ಎಡಮಂಡಿಗೆ ಮೋಟರು ಕಟ್ಟಿ ನಡೆಸಲು ಶುರುಮಾಡಿ ಹನ್ನೆರಡು ದಿನವಾಗಿತ್ತು. ಲಕ್ವಾ ಹೊಡೆದ ಕಾಲಿಗೆ ಬೆಲ್ಟಿನಿಂದ ಬಿಗಿಯುವ ಯಂತ್ರ ಅದು. ರೋಗಿ ಹಾಕುವ ಬಲವನ್ನು ಅಳೆದು, ಕಡಿಮೆ ಬಿದ್ದಷ್ಟನ್ನು ಮಾತ್ರ ತಾನು ತುಂಬಿಕೊಡುತ್ತದೆ. ತಯಾರಿಸಿದ ಸಂಸ್ಥೆಯವರು ಕೊಪ್ಪಳದ ನಮ್ಮ ಫಿಜಿಯೋಥೆರಪಿ ಕೇಂದ್ರಕ್ಕೆ ಪ್ರಯೋಗಕ್ಕೆಂದು ಒಂದನ್ನೇ ಕೊಟ್ಟಿದ್ದರು. ಹದಿನೈದು ದಿನದೊಳಗೆ ರೋಗಿಯ ಸ್ವಂತ ಬಲ ಶೇಕಡಾ ಹದಿನೈದು ಮುಟ್ಟದಿದ್ದರೆ ಯಂತ್ರ ಮುಂದಿನವರಿಗೆ ಹೋಗಬೇಕು. ಹೊಳಿಯಮ್ಮನದು ನಾಲ್ಕರಲ್ಲೇ ನಿಂತಿತ್ತು.

ಆಕೆ ಶ್ರೀರಾಮನಗರದ ಭತ್ತದ ನಾಟಿ ಗುಂಪಿನವಳು. ಕೈ ಸರಿಹೋಗಿತ್ತು, ಕಾಲು ಮಾತ್ರ ಹಿಂದೆ ಬಿದ್ದಿತ್ತು. ಕಾಲುವೆಗೆ ನೀರು ಬಿಡುವವರೆಗೆ ಗುಂಪಿನಲ್ಲಿ ಆಕೆಯ ಜಾಗ ಕಾದಿಡುವುದಾಗಿ ಜೊತೆಯವರು ಮಾತು ಕೊಟ್ಟಿದ್ದರು. ಅದಕ್ಕೆ ಇನ್ನೊಂದು ತಿಂಗಳೂ ಇರಲಿಲ್ಲ.

"ಬಲ ಹಾಕ್ರಿ ಹೊಳಿಯಮ್ಮಾ. ಎಲ್ಲಾ ಮೋಟರ ಮಾಡಾಕತ್ತೈತಿ," ಎಂದೆ.

"ಹಾಕಾಕತ್ತೇನ್ರೀ ಮೇಡಂ. ಕಾಲು ಕೇಳ್ಬೇಕಲ್ರೀ."

"ಯಕ್ಕಾ, ಕೂಲಿ ಮಾಡೂದು ಮೋಟರ, ಚಾ ಕುಡಿಯೂದು ನೀನು," ಎಂದು ಆಕೆಯ ನೆಗೆಣ್ಣಿ, ಮೈದುನನ ಹೆಂಡತಿ ಯಮನೂರಮ್ಮ ನಕ್ಕಳು. ದಿನವೂ ಬಸ್ಸಿನಲ್ಲಿ ಕರೆತರುವವಳು ಅವಳೇ.

ನನಗೆ ನಗು ಬರಲಿಲ್ಲ. 'ರೋಗಿ ಮನಸ್ಸಿಟ್ಟು ಮಾಡುತ್ತಿಲ್ಲ' ಎಂದು ಹಿಂದಿನ ದಿನವಷ್ಟೇ ಕೇಸ್ ಹಾಳೆಯಲ್ಲಿ ಬರೆದಿದ್ದೆ.

ಹದಿಮೂರನೆಯ ದಿನ ನಡಿಗೆ ಮುಗಿದಾಗ ಯಮನೂರಮ್ಮ ಕುರ್ಚಿಯನ್ನು ಆಕೆಯ ಹಿಂದೆ ಸ್ವಲ್ಪ ದೂರವೇ ಇಟ್ಟಳು. ಮೋಟರು ಕಟ್ಟಿಕೊಂಡೇ ಹೊಳಿಯಮ್ಮ ಹಿಂದಕ್ಕೆ ಮೂರು ಹೆಜ್ಜೆ ಸರಿದು ಕುಳಿತಳು. ಪರದೆಯಲ್ಲಿ ಇಪ್ಪತ್ತೆರಡು ಮೂಡಿತು.

ಸೆನ್ಸರ್ ಕೆಟ್ಟಿರಬೇಕೆಂದುಕೊಂಡೆ. ಯಂತ್ರ ಬಿಚ್ಚಿ, ಸೊನ್ನೆಗೆ ತಂದು, ಮತ್ತೆ ಬಿಗಿದೆ. ಮುಂದಕ್ಕೆ ನಾಲ್ಕು, ಹಿಂದಕ್ಕೆ ಇಪ್ಪತ್ತೊಂದು. ಇನ್ನೆರಡು ಸಲ ನೋಡಿದೆ; ಅದೇ.

"ಹಿಂದಕ್ಕ ಹೆಂಗ್ ಬರ್ತೈತಿ ನಿಮಗ?"

"ಮತ್ತ ಸಸಿ ಹಚ್ಚೂದು ಹಿಂದಕ್ಕ ಸರಕೊಂತನ ಅಲ್ರೀ ಮೇಡಂ?"

"ಮುಂದ ನಡದ್ರ ಹಚ್ಚಿದ್ದೆಲ್ಲಾ ತುಳದಂಗಾತು. ಅಂಥಾಕಿನ್ನ ಸಂಜೀತನ ಯಾರ್ ಇಟ್ಕೋತಾರ?" ಎಂದಳು ಯಮನೂರಮ್ಮ.

ಮೂವತ್ತು ವರ್ಷ ಆ ಕಾಲು ಕೆಸರಿನಿಂದ ಎದ್ದು ಹಿಂದಕ್ಕೆ ಊರಿತ್ತು. ಆ ರೂಢಿ ಲಕ್ವಾಕ್ಕೆ ಸಿಗದೆ ಉಳಿಯಿತೇ, ಅಥವಾ ಹಿಂದೆ ಸರಿಯುವಾಗ ಆಕೆಗೆ ಭಯವಿರಲಿಲ್ಲವೇ? ಒಬ್ಬಳೇ ರೋಗಿಯಿಂದ ಏನನ್ನೂ ಸಾಧಿಸಿ ತೋರಿಸಲಾಗದು. ನಾನು ಬರೆದದ್ದು ತಪ್ಪು ಎಂಬುದಷ್ಟೇ ಖಚಿತವಾಗಿತ್ತು. ಆ ಸಾಲನ್ನು ಹೊಡೆದುಹಾಕಿ ಪಕ್ಕದಲ್ಲಿ ಸಹಿ ಮಾಡಿದೆ.

ಸಂಸ್ಥೆಯ ಫಾರ್ಮಿನಲ್ಲಿ ನಡಿಗೆಗೆ ಇದ್ದದ್ದು ಒಂದೇ ಚೌಕ. ಅದರಲ್ಲಿ ಇಪ್ಪತ್ತೊಂದು ಬರೆದಿದ್ದರೆ ಯಾರೂ ಕೇಳುತ್ತಿರಲಿಲ್ಲ. ನಾನು ನಾಲ್ಕು ಎಂದೇ ಬರೆದು, ಕೆಳಗಿನ ಖಾಲಿ ಜಾಗದಲ್ಲಿ ಉಳಿದದ್ದನ್ನೆಲ್ಲ ವಿವರಿಸಿ, ಅವರ ಎಂಜಿನಿಯರ್ ಸುಭಾಷ್‌ಗೆ ಫೋನ್ ಮಾಡಿದೆ.

"ಹಿಂದಕ್ಕೆ ನಡೆಯೋದಕ್ಕೆ ನಮ್ಮಲ್ಲಿ ಮಾನದಂಡವೇ ಇಲ್ಲವಲ್ಲ ಮೇಡಂ," ಎಂದರು. ಆಮೇಲೆ ದಾಖಲೆಗಳನ್ನು ಕಳಿಸಲು ಹೇಳಿದರು. ಸಂಜೆ ಅವರೇ ಫೋನ್ ಮಾಡಿ ಇನ್ನು ಹತ್ತು ದಿನ ಕೊಟ್ಟರು.

ಹತ್ತು ದಿನ ಹೊಳಿಯಮ್ಮ ನಮ್ಮ ಪಡಸಾಲೆಯಲ್ಲಿ ಹಿಂದುಹಿಂದಕ್ಕೇ ನಡೆದಳು. "ಸರೀರಿ, ಗಾಡಿ ರಿವರ್ಸ್ ಬರಾಕತ್ತೈತಿ," ಎಂದು ಯಮನೂರಮ್ಮ ಜನರನ್ನು ಬದಿಗೆ ಸರಿಸುತ್ತಿದ್ದಳು. ಕೊನೆಯ ದಿನ ಹಿಂದಕ್ಕೆ ಮೂವತ್ತೆಂಟು ಬಂತು. ಮುಂದಕ್ಕೆ ಹನ್ನೆರಡು, ಹದಿನೈದು ಮುಟ್ಟಲೇ ಇಲ್ಲ. ಯಂತ್ರವನ್ನು ಬಿಚ್ಚಿ ಅಳವಂಡಿಯಿಂದ ಬಂದಿದ್ದ ಮೆಹಬೂಬಸಾಬರಿಗೆ ಕಟ್ಟಬೇಕಾಯಿತು.

"ಗದ್ದಿಗೆ ಇಳೀಬ್ಯಾಡ್ರಿ ಈಗ್ಲೇ," ಎಂದೆ. "ಕೆಸರು ಈ ನೆಲದಂಗಲ್ಲ."

"ಹೌದ್ರೀ, ಬಿದ್ರ ಮೆತ್ತಗಿರ್ತೈತಿ," ಎಂದಳು ಹೊಳಿಯಮ್ಮ. ನೆಗೆಣ್ಣಿಯ ಹೆಗಲಿಗೆ ಕೈ ಹಾಕಿ ಎದ್ದಳು. "ಬದುವಿನತನಾ ಇಕಿ ಹಿಡಕೊಂಡು ಒಯ್ತಾಳ. ಇಳದ ಮ್ಯಾಲೆ ನಂದು ನಾ ನೋಡ್ಕೋತೀನಿ."