ಎರವಿನ ಚೀಲ

ಬೀದಿ ನಲ್ಲಿಗೆ ನೀರು ಬಂದಿತ್ತು. ಹತ್ತು ದಿನದಿಂದ ಕೋಮಲಾಳ ಕೊಡಗಳನ್ನು ಯಾರೋ ತುಂಬಿಸಿ ಬಾಗಿಲಲ್ಲಿ ಇಟ್ಟು ಹೋಗುತ್ತಿದ್ದರು. ಇವತ್ತು ಅವಳ ಕೊಡ ಪಾಳಿಯಲ್ಲಿ ಐದನೆಯದಾಗಿತ್ತು. ಎದುರು ಮನೆಯ ನಾಗಲಿಂಗಮ್ಮ ಅವಳ ಮುಖ ನೋಡಿ ಸ್ವಲ್ಪ ತಡೆದಳು. ಆಮೇಲೆ ತನ್ನ ಕೊಡವನ್ನೇ ನಲ್ಲಿಗೆ ಹಿಡಿದಳು. ಕೋಮಲಾಗೆ ಅದರಿಂದ ಯಾಕೋ ಹಗುರವೆನಿಸಿತು. ತನ್ನ ಪಾಳಿ ಬರುವವರೆಗೆ ಸೆರಗು ಸಿಕ್ಕಿಸಿಕೊಂಡು ನಿಂತಳು.

ನಿನ್ನೆ ಹನ್ನೊಂದನೇ ದಿನದ ಎಡೆ ಮುಗಿದಿತ್ತು. ಹಗರಿಬೊಮ್ಮನಹಳ್ಳಿಯವರು, ಹಡಗಲಿಯ ಸೋದರಮಾವ, ಎಲ್ಲರೂ ಸಂಜೆಯ ಬಸ್ಸು ಹಿಡಿದಿದ್ದರು. ಮನೆಯಲ್ಲಿ ಈಗ ಅವಳು ಮತ್ತು ಅತ್ತೆ ಮಾರೆಮ್ಮ ಇಬ್ಬರೇ. ನೀರು ಇಳಿಸಿ, ನಡುಮನೆ ಗುಡಿಸುತ್ತ ಬಂದವಳ ಪೊರಕೆ ಗೋಡೆಯ ಮೊಳೆಯ ಕೆಳಗೆ ನಿಂತಿತು. ಮೊಳೆಗೆ ಚೀಲ ತೂಗುತ್ತಿತ್ತು.

ಲಾರಿಯ ಹಳೆಯ ತಾಡಪತ್ರಿಯಿಂದ ಕೈಯಲ್ಲೇ ಹೊಲಿದ, ಬೆನ್ನಿಗೆ ಹಾಕುವ ಚೀಲ. ಗುಡೇಕೋಟೆಯ ಗಾಳೆಪ್ಪ ಬೇಟೆಗೆ ಹೋಗುತ್ತಿದ್ದ ಕಾಲದಲ್ಲಿ ಮಾಡಿಕೊಂಡದ್ದು. ಬೇಟೆ ಬಿಟ್ಟು ಮೂವತ್ತು ವರ್ಷವಾಗಿತ್ತು. ಈಗ ಅವನು ಅದೇ ಗುಡ್ಡದಲ್ಲಿ ಕರಡಿ ಲೆಕ್ಕದವರಿಗೆ ದಾರಿ ತೋರಿಸುತ್ತಿದ್ದ. ಕೋಮಲಾಳ ಗಂಡ ಭೀಮೇಶ್ ಆ ಲೆಕ್ಕದ ಕೆಲಸದಲ್ಲಿದ್ದ. ಗಿಡಗಳಿಗೆ ಕ್ಯಾಮೆರಾ ಕಟ್ಟುವುದು, ವಾರಕ್ಕೊಮ್ಮೆ ಗುಡ್ಡ ಹತ್ತಿ ಕಾರ್ಡು, ಬ್ಯಾಟರಿ ಬದಲಿಸುವುದು, ತಿಂಗಳಿಗೊಮ್ಮೆ ನಾಲ್ಕು ದಿನ ಗುಡ್ಡದಲ್ಲೇ ಉಳಿಯುವುದು. ಕೆಲಸದವರು ಕೊಟ್ಟಿದ್ದ ಚೀಲದ ಜಿಪ್ಪು ಕಿತ್ತುಹೋದಾಗ, ಎರಡು ದಿನಕ್ಕೆಂದು ಗಾಳೆಪ್ಪನದನ್ನು ತಂದಿದ್ದ. ಆರು ತಿಂಗಳಾಗಿತ್ತು.

ಆ ಮೊದಲ ಬೆಳಿಗ್ಗೆ ಅಳತೆ ಸರಿಮಾಡಿಕೊಟ್ಟವಳು ಕೋಮಲಾ. ಹೆಗಲಿನ ಎರಡು ಪಟ್ಟಿಗಳ ತುದಿಗೆ ಹಗ್ಗವಿತ್ತು. ಎರಡೂ ಹಗ್ಗಗಳು ಚೀಲದ ಬುಡದಲ್ಲಿ ಒಂದೇ ಗಂಟಿಗೆ ಸೇರುತ್ತಿದ್ದವು. ಗಂಟು ತುದಿಗೆ ಹೋದಷ್ಟೂ ಚೀಲ ಕೆಳಗೆ ಇಳಿಯುತ್ತಿತ್ತು. ಬಾಗಿಲಲ್ಲಿ ನಿಂತು ಅವನ ಬೆನ್ನಿಗೆ ಚೀಲ ಎತ್ತಿ ಹಿಡಿದಿದ್ದಳು. "ಇನ್ನಾಟು ಕೆಳಗ," ಅಂದಿದ್ದ. "ಇನ್ನಾಟು." ಎತ್ತರದವನು, ಹಗ್ಗ ತುದಿಯವರೆಗೂ ಬೇಕಾಯಿತು. ಕೈ ಹಿಂದೆ ತಂದು ತಾನೇ ಗಂಟು ಬಿಗಿದಿದ್ದ.

ಹನ್ನೆರಡು ದಿನದ ಹಿಂದೆ ಗುಡ್ಡ ಇಳಿದು ಬಂದವನು, ಬೈಕಿಗೆ ಕೀ ಹಾಕುವ ಮೊದಲೇ ಎದೆ ಹಿಡಿದುಕೊಂಡು ಬಂಡೆಯ ಮೇಲೆ ಕೂತ. ಮೂವತ್ತೆರಡು ವರ್ಷ. ಗಾಳೆಪ್ಪ ಅವನ ಹೆಗಲಿನಿಂದ ಚೀಲ ಜಾರಿಸಿ ತೆಗೆದ. ಕೂಡ್ಲಿಗಿ ಆಸ್ಪತ್ರೆ ಮುಟ್ಟುವುದರೊಳಗೆ ಮುಗಿದಿತ್ತು. ಅವನನ್ನು ಮನೆಗೆ ತಂದ ಜೀಪಿನಲ್ಲೇ ಚೀಲವೂ ಬಂತು.

ಮಣ್ಣಿನ ದಿನ ಅವನ ಚಪ್ಪಲಿ, ಟೋಪಿ, ಕೈಗಡಿಯಾರ ಎಲ್ಲವನ್ನೂ ಕುಣಿಯಲ್ಲಿಟ್ಟರು. ಬಟ್ಟೆಗಳು ಮೂರನೇ ದಿನ ಹೋದವು. ಸೋದರಮಾವ ಚೀಲವನ್ನೂ ಕುಣಿಗೆ ಇಳಿಸಲು ಹೋದಾಗ ಮಾರೆಮ್ಮ ಅಳು ನಿಲ್ಲಿಸಿ ಕೈ ಅಡ್ಡ ಹಿಡಿದಿದ್ದಳು. "ಅದನ್ನ ಬಿಡಪ್ಪ. ಅದು ನಮ್ಮದಲ್ಲ."

ಹೀಗೆ ಅವನದಾಗಿದ್ದುದೆಲ್ಲ ಹೋಗಿ, ಅವನದಲ್ಲದ್ದು ಮನೆಯಲ್ಲಿ ಉಳಿದಿತ್ತು.

"ಗಾಳೆಪ್ಪನ ಚೀಲ ಮುಟ್ಟಿಸಬೇಕವ್ವ," ಒಲೆಯ ಮುಂದಿನಿಂದ ಮಾರೆಮ್ಮ ಅಂದಳು.

"ಮುಟ್ಟಿಸ್ತೀನಿ ಅತ್ತಿ."

"ಅವ ಬಾಯಿಬಿಟ್ಟು ಕೇಳಂಗಿಲ್ಲ. ಕೇಳಂಗಿಲ್ಲಂತ ಇಟ್ಕಂಡ್ರ ಚೊಲೋ ಅಲ್ಲ."

ಕೋಮಲಾ ಪೊರಕೆ ಮುಂದಕ್ಕೆ ಸರಿಸಿದಳು.

ಹತ್ತು ಗಂಟೆಗೆ ಪಾಲಾಕ್ಷಪ್ಪನವರ ಫೋನ್ ಬಂತು. ಕರಡಿ ಲೆಕ್ಕದ ಕೆಲಸದ ಮೇಲ್ವಿಚಾರಕರು. ಮಾತಿಗೆ ಮೊದಲು ಕೆಮ್ಮಿದರು.

"ಹೆಂಗ್ ಕೇಳಬೇಕೋ ತಿಳೀವಲ್ದು ಕೋಮಲಾ. ಹನ್ನೊಂದು ಕ್ಯಾಮೆರಾ ಗುಡ್ಡದ ಮ್ಯಾಲೇ ಅದಾವ. ಸೋಮವಾರದ ಹೊತ್ತಿಗೆ ಬ್ಯಾಟರಿ ಮುಗೀತಾವು. ಬ್ಯಾರೆ ಹುಡುಗನ್ನ ನೋಡ್ಲೋ, ಏನು ನೀವು..."

ಕೋಮಲಾ ಬಳ್ಳಾರಿಯಲ್ಲಿ ಸಸ್ಯಶಾಸ್ತ್ರ ಓದಿದವಳು. ಎರಡು ವರ್ಷದಿಂದ ಆ ಕ್ಯಾಮೆರಾಗಳ ಚಿತ್ರಗಳನ್ನು ಮನೆಯಲ್ಲಿ ಕೂತು ವಿಂಗಡಿಸುತ್ತಿದ್ದವಳೂ ಅವಳೇ. ಯಾವ ಕರಡಿಯ ಎದೆಯ ಬಿಳಿ ಗುರುತು ಹೇಗಿದೆ ಎಂಬುದು ಭೀಮೇಶನಿಗಿಂತ ಅವಳಿಗೆ ಚೆನ್ನಾಗಿ ಗೊತ್ತಿತ್ತು. ಗುಡ್ಡ ಮಾತ್ರ ಒಮ್ಮೆಯೂ ಹತ್ತಿರಲಿಲ್ಲ.

"ನಾನಾ ಬರ್ತೀನಿ ಸರ್," ಅಂದಳು.

"ಬೆನ್ನಿಗೊಂದು ಚೊಲೋ ಚೀಲ ನೋಡ್ಕರಿ. ಒಂದಿನಕ್ಕೂ ಆಗಬೇಕು, ನಾಕ್ ದಿನಕ್ಕೂ ಆಗಬೇಕು. ಅವ ಅದನ್ನಾ ಹುಡುಕತಿದ್ದ."

ಹೌದು, ಹುಡುಕುತ್ತಿದ್ದ. ಅವನು ಕಳಿಸಿದ್ದ ಮೂರು ಚೀಲಗಳ ಚಿತ್ರಗಳು ಅವಳ ಫೋನಿನಲ್ಲಿ ಇನ್ನೂ ಇದ್ದವು. ಬೇಟೆಗಾರರಿಗೆಂದು ಎಲ್ಲೋ ಹೊರದೇಶದಲ್ಲಿ ಮಾಡಿದವು. ಒಂದರ ಪಕ್ಕಕ್ಕೆ ಕೋವಿ ಸಿಕ್ಕಿಸುವ ಪಟ್ಟಿಯೂ ಇತ್ತು. "ಇಲ್ಲಿ ನಮ್ಮವ್ವನ ಮುದ್ದಿ ಕೋಲು ಇಡಬೌದು ನೋಡು," ಎಂದು ನಕ್ಕಿದ್ದ. ಸಣ್ಣದೋ ದೊಡ್ಡದೋ ಎಂದು ಆರು ತಿಂಗಳು ಕೇಳಿದ್ದ. ಅವಳು ಪ್ರತಿ ಸಲವೂ, "ಯಾವುದಾರ ಒಂದು ತಗೋ," ಅಂದಿದ್ದಳು.

ಶನಿವಾರ ಹಳೆಯ ಚೀಲದಲ್ಲೇ ಎಲ್ಲ ಸಾಮಾನು ತುಂಬಿಕೊಂಡು ಕೊಟ್ಟೂರಿಗೆ ಹೋದಳು. ಬ್ಯಾಟರಿಯ ಡಬ್ಬಿ, ಹಗ್ಗ, ನಾಲ್ಕು ಲೀಟರು ನೀರು, ಪ್ಲಾಸ್ಟಿಕ್ ಹಾಳೆ, ಹೊದಿಕೆ, ರೊಟ್ಟಿಯ ಗಂಟು. ಚೀಲ ಅವಳ ಬೆನ್ನು ದಾಟಿ ಸೊಂಟಕ್ಕಿಂತ ಕೆಳಗೆ ಇಳಿದು, ಹೆಜ್ಜೆಹೆಜ್ಜೆಗೂ ತೊಡೆಗೆ ಬಡಿಯುತ್ತಿತ್ತು. ಗಂಟು ಮೇಲೆ ಕಟ್ಟಿದ್ದರೆ ಆಗುತ್ತಿತ್ತು. ಕಟ್ಟಲಿಲ್ಲ.

ತೇರುಬೀದಿಯ ಅಂಗಡಿಯಲ್ಲಿ ಅರುಣಕುಮಾರ್ ಕೋಲಿನಿಂದ ಒಂದೊಂದೇ ಚೀಲ ಇಳಿಸಿ ಹಾಕಿದ. ಅವನ ಹೆಂಡತಿ ಪುಷ್ಪಲತಾ ಗಲ್ಲಾದ ಹತ್ತಿರ ಹೂ ಕಟ್ಟುತ್ತ ಕೂತಿದ್ದಳು.

"ಇದು ನೋಡ್ರಿ ಮೇಡಂ, ಲ್ಯಾಪ್‌ಟಾಪಿಗೆ ಬ್ಯಾರೇನಾ ಖಾನಿ ಐತಿ."

"ಲ್ಯಾಪ್‌ಟಾಪ್ ಒಯ್ಯಂಗಿಲ್ರಿ. ಗುಡ್ಡಕ್ಕ ಹೋಗಬೇಕು."

"ಹಂಗಾರ ಇದು. ಅರವತ್ತು ಲೀಟರ್. ಹಿಮಾಲಯಕ್ಕಾ ಹೋಗಿ ಬರ್ರಿ."

ಪುಷ್ಪಲತಾ ತಲೆ ಎತ್ತಿದಳು. "ಅದನ್ನ ಹೊತ್ರ ಆಯಕ್ಕ ಕಾಣಬೇಕಲ್ರಿ. ಚೀಲಕ್ಕ ಎರಡು ಕಾಲು ಬಂದಂಗ ಆಕ್ಕತಿ."

ಮೂರನೆಯದರ ಮೈತುಂಬ ಎಲೆಯ ಚಿತ್ರವಿತ್ತು. ಮುಚ್ಚಳ ಎಳೆದರೆ ಪರ್ರೆಂದು ಸದ್ದಾಯಿತು. ಕೋಮಲಾ ಎರಡು ಸಲ ಎಳೆದು ನೋಡಿ ಕೆಳಗಿಟ್ಟಳು. ಹಳೆಯ ಚೀಲಕ್ಕೆ ಸದ್ದಿಲ್ಲ. ಅದರ ಬಾಯಿ ಉದ್ದ; ಒಂದು ದಿನಕ್ಕಾದರೆ ಅರ್ಧದವರೆಗೆ ಸುರುಳಿ ಸುತ್ತಿ ಕಟ್ಟುವುದು, ನಾಲ್ಕು ದಿನಕ್ಕಾದರೆ ಬಿಚ್ಚಿ ಮೇಲಕ್ಕೆ ತುಂಬುವುದು.

"ಇಂಥಾದು ಐತೇನ್ರಿ? ಬಾಯಿ ಸುತ್ತೋದು?"

ಅರುಣಕುಮಾರ್ ಅಟ್ಟ ಹತ್ತಿ ಧೂಳು ಹಿಡಿದ ಕವರೊಂದನ್ನು ತಂದ. ಮಣ್ಣಿನ ಬಣ್ಣದ ಚೀಲ. ಬಾಯಿ ಸುತ್ತಿ ಎರಡು ಕಡೆ ಬಕಲ್ ಹಾಕುವಂಥದು. ಸೊಂಟಕ್ಕೆ ಅಗಲದ ಪಟ್ಟಿ. "ಎರಡು ವರ್ಷಾತ್ರಿ ಬಂದು. ಜಿಪ್ಪಿಲ್ಲಂತ ಯಾರೂ ಮುಟ್ಟಿಲ್ಲ."

ಸಾಮಾನೆಲ್ಲ ಅದಕ್ಕೆ ಹಾಕಿ ಹೊತ್ತು ನೋಡಬೇಕು ಎಂದಳು. ಪುಷ್ಪಲತಾ ಹೂ ಬಿಟ್ಟು ಎದ್ದು ಬಂದಳು. ಹಳೆಯ ಚೀಲ ಇಳಿಸುವಾಗ ಅದು ಎಷ್ಟು ಕೆಳಗೆ ತೂಗುತ್ತಿದೆ ಎಂದು ನೋಡಿ, "ಇದು ನಿಮ್ಮ ಅಳತಿಗಿಲ್ಲ ಬಿಡ್ರಿ. ಈ ಹಗ್ಗ ಬಿಚ್ಚಿ ಮ್ಯಾಲ ಕಟ್ಟಿದ್ರ..." ಎಂದು ಬುಡಕ್ಕೆ ಕೈ ಹಾಕಿದಳು.

ಕೋಮಲಾ ಚೀಲವನ್ನು ತಿರುಗಿಸಿಕೊಂಡಳು. "ಬ್ಯಾಡ್ರಿ. ಅದು ಇರ್ಲಿ."

ಪುಷ್ಪಲತಾ ಆ ಮುಖವನ್ನು, ಬರಿಯ ಹಣೆಯನ್ನು ನೋಡಿದಳು. ಸಾಮಾನು ತುಂಬಿದ ಹೊಸ ಚೀಲವನ್ನು ಅವಳ ಬೆನ್ನಿಗೇರಿಸಿ, ಮುಂದೆ ಬಂದು ಮೊಣಕಾಲೂರಿ ಸೊಂಟದ ಪಟ್ಟಿ ಬಿಗಿದಳು. "ಭಾರ ಹೆಗಲ ಮ್ಯಾಗ ಕುಂದ್ರಬಾರ್ದವ್ವ. ಸೊಂಟದ ಮ್ಯಾಗ ಕುಂದ್ರಬೇಕು. ಕೂಸಿನ ಹೊತ್ತಂಗ." ಆಮೇಲೆ ಗಂಡನ ಕಡೆ ತಿರುಗಿ, "ಹದಿನೈದ್ ವರ್ಷ ಚೀಲ ಮಾರ್ಯಾರ ಇವರು. ಒಂದಿನ ಸಂತಿ ಚೀಲ ಹೊತ್ತಿಲ್ಲ," ಅಂದಳು.

ಕೋಮಲಾ ಬೀದಿಯಲ್ಲಿ ಬಾಳೆಹಣ್ಣಿನ ಗಾಡಿಯವರೆಗೆ ನಡೆದು ತಿರುಗಿ ಬಂದಳು. ಗಾಡಿಯ ಮುದುಕ, "ತೇರಿನ ಪಾದಯಾತ್ರಿ ಇನ್ನಾ ದೂರ ಐತಲ್ಲವ್ವ, ಈಗ್ಲೇ ಹೊಂಟಿ?" ಎಂದ. ಇಷ್ಟು ದಿನದಲ್ಲಿ ಮೊದಲ ಸಲ ಅವಳ ತುಟಿ ಸ್ವಲ್ಪ ಸಡಿಲಿತು. ಭಾರ ಇತ್ತು, ಆದರೆ ಎಲ್ಲೂ ಬಡಿಯಲಿಲ್ಲ.

"ಇದಾ ಕೊಡ್ರಿ."

"ಹಳೇದ್ ಬಿಟ್ಟು ಹೋಗ್ರಿ, ಒಂದಾಟು ಕಡಿಮಿ ಮಾಡ್ತೀನಿ," ಎಂದ ಅರುಣಕುಮಾರ್. "ಎಕ್ಸ್‌ಚೇಂಜ್ ಐತಿ."

"ಅದು ನಂದಲ್ರಿ," ಅಂದಳು ಕೋಮಲಾ.

ಬಸ್ಸಿನಲ್ಲಿ ಎರಡು ಚೀಲಗಳನ್ನೂ ತೊಡೆಯ ಮೇಲೆ ಇಟ್ಟುಕೊಂಡಳು. ಕೂಡ್ಲಿಗಿ ಬರುವ ಹೊತ್ತಿಗೆ ಅವಳಿಗೊಂದು ದಾರಿ ಕಂಡಿತ್ತು. ಹೊಸದನ್ನು ಗಾಳೆಪ್ಪನಿಗೆ ಕೊಡುವುದು, ಹಳೆಯದನ್ನು ತಾನು ಇಟ್ಟುಕೊಳ್ಳುವುದು. ಎರವು ತೀರುತ್ತದೆ. ಮುದುಕನಿಗೂ ನಷ್ಟವಿಲ್ಲ. ಗಂಟು ಇದ್ದಲ್ಲೇ ಇರುತ್ತದೆ.

ಸೋಮವಾರ ಬೆಳಿಗ್ಗೆ ಗುಡೇಕೋಟೆಯಲ್ಲಿ ಇಳಿದಾಗ ಗಾಳೆಪ್ಪ ಬೇವಿನ ಕಟ್ಟೆಯ ಮೇಲೆ ಕಾಯುತ್ತಿದ್ದ. ಸಣ್ಣ ಆಳು. ಅವಳನ್ನು ಕಂಡು ಎದ್ದು ನಿಂತ. ಮಣ್ಣಿಗೆ ಬಂದಿದ್ದವನು ಅವತ್ತೂ ಹೀಗೇ ನಿಂತಿದ್ದ.

"ಚಾ ಕುಡದಿಯೇನವ್ವ?"

"ಕುಡದು ಬಂದೀನಿ ಅಜ್ಜ."

ಬೆನ್ನಿನ ಹೊಸ ಚೀಲವನ್ನು ಇಳಿಸಿ ಅವನ ಪಕ್ಕ ಇಟ್ಟಳು. ಕಟ್ಟೆಯ ಮೇಲೆ ಕೂತು ಹಳೆಯದನ್ನು ಮಡಿಲಲ್ಲೇ ಹಿಡಿದುಕೊಂಡಳು. ಬಸ್ಸಿನಲ್ಲಿ ಜೋಡಿಸಿಕೊಂಡು ಬಂದಿದ್ದ ಮಾತು ಒಂದೇ ಉಸಿರಿಗೆ ಹೊರಬಂತು. "ಅಜ್ಜ, ಇದನ್ನ ನೀವು ಇಟ್ಕರಿ. ಹೊಸಾದು. ನಿಮ್ಮದು ನನಗ ಇರ್ಲಿ."

ಗಾಳೆಪ್ಪನೂ ಕೂತ. ಹೊಸ ಚೀಲವನ್ನು ತೊಡೆಗೆಳೆದುಕೊಂಡು ಬಟ್ಟೆಯನ್ನು ಹೆಬ್ಬೆರಳಿನಿಂದ ತಿಕ್ಕಿದ. ಹೊಲಿಗೆ ಎಳೆದು ನೋಡಿದ. ಬಾಯಿಯ ಸುರುಳಿ ಬಿಚ್ಚಿ ಸುತ್ತಿದ. ಬಕಲ್ ಹಾಕಿದ. ಟಕ್ ಎಂದಿತು.

"ಈ ಸಪ್ಪಳಕ್ಕ ಕರಡಿ ಅತ್ಲಾಗ ಬಂಡ್ರಿ ಊರಿಗೇ ಹೊಂಟುಬಿಡತಾವು."

"ಮನಿಯಾಗ ಹಾಕ್ಕಂಡು ಬಂದು, ಮ್ಯಾಲ ಬಿಚ್ಚಬಾರ್ದಷ್ಟ."

"ಬುದ್ಧಿವಂತಿ ಅದಿ." ಅವನು ಸೊಂಟದ ಪಟ್ಟಿಯನ್ನು ತನ್ನ ಹೊಟ್ಟೆಗೆ ಹಿಡಿದು ನೋಡಿ, ಮೆಲ್ಲಗೆ ಅವಳ ಕಡೆ ಸರಿಸಿದ. "ಚೊಲೋ ಚೀಲ. ನಿನ್ನ ಅಳತಿಗೆ ನೋಡಿ ತಂದೀ. ನನಗ್ಯಾಕ ಕೊಡ್ತಿ ಇದನ್ನ?"

ಅವಳು ಮಡಿಲ ಚೀಲವನ್ನು ನೋಡುತ್ತ ಕೂತಳು. ಗಾಳೆಪ್ಪನೂ ಅದನ್ನೇ ನೋಡಿದ. ಚೀಲವನ್ನಲ್ಲ, ಬುಡದ ಗಂಟನ್ನು. ಅವನಿಗೆ ತಿಳಿಯಿತು.

"ಬ್ಯಾಟಿ ಆಡೋರ ಚೀಲಕ್ಕ ಒಂದು ಪದ್ಧತಿ ಐತವ್ವ," ಎಂದ. "ಒಬ್ಬನ ಗಂಟನ್ನ ಇನ್ನೊಬ್ಬ ಬೆನ್ನಿಗೆ ಹಾಕ್ಕಬಾರ್ದು. ಎರವು ಒಯ್ದೋನು ಕೊಡಾಗ ತನ್ನ ಗಂಟು ತಾನಾ ಬಿಚ್ಚಿ ಕೊಡಬೇಕು. ಅವತ್ತು ಬಂಡೆ ಮ್ಯಾಲ ಚೀಲ ತೆಗದೋನು ನಾನಾ. ಗಂಟು ಮುಟ್ಟಲಿಲ್ಲ. ನಾನು ಬಿಚ್ಚಂಗಿಲ್ಲ. ಒಯ್ದೋನು ಇಲ್ಲಂದ್ರ ಅವನ ಮನಿಯೋರು."

"ಬಿಚ್ಚದಿದ್ರ?"

"ಬಿಚ್ಚದಿದ್ರ ಏನೂ ಆಗಂಗಿಲ್ಲ," ಎಂದ ಗಾಳೆಪ್ಪ. "ಅವ ಇನ್ನಾ ಹೊತ್ಕಂಡಾ ಇರ್ತಾನ, ಅಷ್ಟಾ."

ಹಾದಿಯಲ್ಲಿ ಕುರಿಗಳು ಹೋದವು. ಎದ್ದ ಧೂಳು ಕೂತಿತು.

ಕೋಮಲಾ ಚೀಲವನ್ನು ಬೋರಲು ಮಾಡಿದಳು. ಆರು ತಿಂಗಳ ಭಾರಕ್ಕೆ ಗಂಟು ಬಿಗಿದು ಕಲ್ಲಾಗಿತ್ತು. ಬೆವರು ಕುಡಿದು ಕಪ್ಪಾಗಿತ್ತು. ಉಗುರು ಇಳಿಯಲಿಲ್ಲ. ಗಾಳೆಪ್ಪನ ಸೊಂಟದಲ್ಲಿ ಚೂರಿ ಇತ್ತು. ಅವನು ಅದನ್ನು ಮುಟ್ಟಲಿಲ್ಲ, ಅವಳು ಕೇಳಲಿಲ್ಲ. ಸೆರಗಿನ ಪಿನ್ನು ತೆಗೆದು ಗಂಟಿನ ಬೆನ್ನಿಗೆ ಚುಚ್ಚಿ ಒಂದೊಂದೇ ಎಳೆ ಸಡಿಲಿಸಿದಳು. ಪಿನ್ನು ಡೊಂಕಾಯಿತು. ಹಲ್ಲಿನಿಂದ ಎಳೆದಳು. ನಾಲಗೆಗೆ ಉಪ್ಪು ಹತ್ತಿತು. ಗುಡ್ಡದ ನೆತ್ತಿಗೆ ಬಿಸಿಲು ಬರುತ್ತಿತ್ತು. ಗಾಳೆಪ್ಪ ಅತ್ತ ನೋಡುತ್ತ ಕೂತಿದ್ದ, ಹೊತ್ತಾಯಿತು ಅನ್ನಲಿಲ್ಲ.

ಕೊನೆಗೆ ಒಳಗಿನ ಒಂದು ಸುತ್ತು ಜಾರಿತು. ಆಮೇಲೆ ಉಳಿದದ್ದು ತಾನಾಗಿ ಬಂತು.

ಎರಡು ಹಗ್ಗಗಳನ್ನೂ ಬಿಡಿಸಿ ಚೀಲವನ್ನು ಎರಡು ಕೈಯಲ್ಲಿ ಮುಂದೆ ಹಿಡಿದಳು. ಗಾಳೆಪ್ಪ ಎದ್ದು ನಿಂತು, ಎರಡು ಕೈಯಲ್ಲೇ ತೆಗೆದುಕೊಂಡ. ಬೆನ್ನಿಗೆ ಹಾಕಿ, ಹಗ್ಗವನ್ನು ಮೇಲಕ್ಕೆಳೆದು, ತನ್ನ ಅಳತೆಗೆ ಗಂಟು ಬಿಗಿದ.

"ನಡಿಯವ್ವ. ಬಿಸಿಲೇರತೈತಿ."

ಕೋಮಲಾ ತನ್ನ ಚೀಲ ಎತ್ತಿ ಸೊಂಟದ ಪಟ್ಟಿ ಹಾಕಿಕೊಂಡಳು. ಕಾಲುದಾರಿ ಇಕ್ಕಟ್ಟಾಗಿತ್ತು, ಅವನು ಮುಂದೆ, ಅವಳು ಹಿಂದೆ. ಮುದುಕನ ಗಂಟಿನ ಕೆಳಗೆ ಒಂದು ಗೇಣು ಹಗ್ಗ ಹೆಚ್ಚಾಗಿ ಉಳಿದಿತ್ತು. ನೇರವಾಗಿರಲಿಲ್ಲ ಅದು. ಬಿಚ್ಚಿದ ಗಂಟಿನ ಸುತ್ತುಗಳು ಅದರಲ್ಲಿ ಹಾಗೇ ಕೂತಿದ್ದವು. ಅವನು ಹೆಜ್ಜೆ ಇಟ್ಟಾಗೆಲ್ಲ ಆ ಡೊಂಕು ತುದಿ ಅತ್ತಿತ್ತ ತೂಗುತ್ತ ಗುಡ್ಡ ಹತ್ತಿತು.