ಹೊನ್ನಯ್ಯ ಉಟ್ಟ ಸೀರೆ

ಹಗರೆಯ ಹೊನ್ನಯ್ಯ ಬೆಳ್ಳಂಬೆಳಗ್ಗೆ ಹೆಂಡತಿಯ ಹಸಿರು ಸೀರೆ ಉಟ್ಟು, ತಲೆ ತುಂಬ ಸೆರಗು ಹೊದ್ದು, ಬಕೆಟ್ಟು ಹಿಡಿದು ಕಳ್ಳನ ಹಾಗೆ ಕೊಟ್ಟಿಗೆಗೆ ನುಗ್ಗಿದ. ಮೀಸೆಯನ್ನು ಏನು ಮಾಡುವುದೆಂದು ಮಾತ್ರ ತೋಚಿರಲಿಲ್ಲ.

ಬೇರೆ ದಾರಿಯಾದರೂ ಏನಿತ್ತು? ಹಸು ಗೌರಿ ಹೆಂಡತಿ ಚಲುವಮ್ಮನ ಕೈಗೆ ಒಗ್ಗಿದ್ದು. ಬೇರೆ ಯಾರು ಕೂತರೂ ಹಾಲು ಬಿಡುತ್ತಿರಲಿಲ್ಲ. ಚಲುವಮ್ಮನೋ, ಯುಗಾದಿ ಕಳೆದಾಗಿನಿಂದ ಊಟ ಬೇಡ, ಮಾತು ಬೇಡ, ನಿದ್ದೆಯೂ ಇಲ್ಲ. ಮೊನ್ನೆಯಿಂದ ಕೊಟ್ಟಿಗೆಗೂ ಬಂದಿರಲಿಲ್ಲ. "ಬದುಕೇ ಬ್ಯಾಡ ಅನ್ಸುತ್ತೆ ಕಣ್ರೀ" ಎಂದು ಹೋದ ವಾರ ಅಂದಾಗ ಹೊನ್ನಯ್ಯ ಹೆದರಿದ. ಮೆಣಸಿನಕಾಯಿಯಲ್ಲಿ ದೃಷ್ಟಿ ತೆಗೆದ, ತಾಯತ ಕಟ್ಟಿಸಿದ. ಡಾಕ್ಟರ ಹತ್ತಿರ ಮಾತ್ರ ಹೋಗಲಿಲ್ಲ. ಹೋದರೆ ಡೈರಿಗೆ ಹಾಲು ಹಾಕುವವರೆಲ್ಲ "ಹೊನ್ನಯ್ಯನ ಹೆಂಡ್ತಿಗೆ ಹುಚ್ಚು" ಅಂದುಬಿಟ್ಟರೆ?

ಸೀರೆಯ ವಾಸನೆ ಗೌರಿಯನ್ನು ಅರೆಗಳಿಗೆ ಏಮಾರಿಸಿತು. ಅಷ್ಟರಲ್ಲಿ ಹೊನ್ನಯ್ಯ ಕೆಮ್ಮಿದ. ಒಂದೇ ಒದೆ! ಬಕೆಟ್ಟು ಮೂಲೆಗೆ, ಹೊನ್ನಯ್ಯ ಸೆಗಣಿಗೆ.

ಅದೇ ಹೊತ್ತಿಗೆ ದನದ ಡಾಕ್ಟರು ಹರ್ಷಿತಾ ಬರಬೇಕೆ! ಕರೆಸಿದವನೂ ಇವನೇ. ಪಾಪ, ಆಕೆ ತುಟಿ ಕಚ್ಚಿ ನಗು ತಡೆದುಕೊಂಡೇ ಗೌರಿಯನ್ನು ನೋಡಿದರು.

"ಹಸು ಚೆನ್ನಾಗಿದೆ. ಹಾಲು ಕರೆಯೋರು ಯಾಕೆ ಬದಲಾದ್ರು?"

ಹೊನ್ನಯ್ಯ ಸೆರಗಿನಲ್ಲೇ ಮುಖ ಒರೆಸಿಕೊಂಡು ಎಲ್ಲ ಹೇಳಿದ.

"ಹಾಲು ತಪ್ಪಿದ್ದಕ್ಕೆ ನಂಗೆ ಬಿಡದೆ ಫೋನ್ ಮಾಡಿದ್ರಿ. ಅವರನ್ನ ಯಾರಿಗೂ ತೋರಿಸ್ಲಿಲ್ವಾ?"

"ಅವಳದು ಬರೀ ಮನಸ್ಸಿಂದು ಮೇಡಮ್. ಗಟ್ಟಿ ಮಾಡ್ಕಂಡ್ರೆ ಸರಿಹೋಗುತ್ತೆ."

"ಗೌರಿಗೆ ಜ್ವರ ಬಂದ್ರೆ ಗಟ್ಟಿ ಮಾಡ್ಕೋ ಅಂತೀರಾ? ನಾನು ದನದ ಡಾಕ್ಟ್ರು, ಇದು ನಂಗೆ ಪೂರ್ತಿ ತಿಳಿಯಲ್ಲ. ಆದ್ರೆ ಬದುಕೇ ಬೇಡ ಅನ್ನೋ ಮಾತು ಬಂದ್ಮೇಲೆ ಕಾಯಬಾರದು ಹೊನ್ನಯ್ಯನೋರೇ. ಹಾಸನದ ಆಸ್ಪತ್ರೇಲಿ ಮನಸ್ಸಿನ ಡಾಕ್ಟ್ರು ಇದ್ದಾರೆ, ಇವತ್ತೇ ಹೋಗಿ. ಅವರನ್ನ ಒಬ್ರನ್ನೇ ಬಿಡಬೇಡಿ."

ಅವತ್ತೇ ಚಲುವಮ್ಮನನ್ನು ಕರೆದುಕೊಂಡು ಬಸ್ ಸ್ಟಾಪಿಗೆ ಬಂದರೆ, ಅಲ್ಲಿ ಪಕ್ಕದ ಮನೆಯ ಉಗ್ರಪ್ಪ ಹಲ್ಲು ಕಿರಿದುಕೊಂಡು ನಿಂತಿದ್ದ. "ಏನ್ಲಾ ಹೊನ್ನ, ಸೀರೆ ಉಟ್ಕಂಡಿದ್ಯಂತೆ? ಈಗ ಎತ್ಲಾಗ್ಲಾ ಸವಾರಿ?"

ಮಂಡಿ ನೋವು ಅಂತ ಸುಳ್ಳು ಸಿದ್ಧವಾಗಿತ್ತು. ಹೆಂಡತಿಯ ಬಾಡಿದ ಮುಖ ನೋಡಿದ; ಆ ಸುಳ್ಳು ಬಾಯಿಗೆ ಬರಲಿಲ್ಲ.

"ಮನಸ್ಸಿನ ಡಾಕ್ಟ್ರ ತಾವ್ಕೆ. ಚಲುವಿಗೆ ಹುಷಾರಿಲ್ಲ. ಊರಿಗೆಲ್ಲ ಹೇಳ್ಕೋ ಹೋಗು! ಸೀರೆ ಉಟ್ಟ ಮ್ಯಾಲೆ ನಂಗಿನ್ಯಾವ ನಾಚ್ಕೆ ಐತ್ಲಾ?"

ಉಗ್ರಪ್ಪನ ಹಲ್ಲು ಒಳಗೆ ಹೋಯಿತು. "ಹೋಗ್ಬನ್ನಿ. ಗೌರಿಗೆ ಮೇವು ನಾ ಹಾಕ್ತೀನಿ" ಅಂದ.

ಆಗ ಚಲುವಮ್ಮ ನೆಲ ನೋಡುತ್ತಲೇ ಸಣ್ಣ ದನಿಯಲ್ಲಿ ಹೇಳಿದಳು: "ಕಿಟಕೀಲಿ ನೋಡ್ದೆ ಉಗ್ರಪ್ಪಣ್ಣ. ಸೆರಗು ಬಲಗಡೆ ಹಾಕ್ಕಂಡಿದ್ರು. ಗೌರಿ ಒದೀದೆ ಬಿಡ್ತಾಳಾ?"

ಎಷ್ಟೋ ದಿನದ ಮೇಲೆ ಅವಳಾಡಿದ ಪೂರಾ ಮಾತು. ಹೊನ್ನಯ್ಯನ ಕಣ್ಣು ತುಂಬಿ ಬಂತು. ಬಸ್ಸು ನಿಂತಿತು, ಅವಳ ಕೈ ಹಿಡಿದು ಹತ್ತಿಸಿದ.

"ನಾಳೆ ನೀನೇ ನೆಟ್ಟಗೆ ಉಡ್ಸು ಕಣೇ. ನೀನು ಹುಷಾರಾಗೋ ಗಂಟ ಹಾಲು ನಾನೇ ಕರೀತೀನಿ."